ಕಾಮೆಂಟೇಟರ್‌ಗಳಿಗೆ ನಮ್ಮ ಟೀಮ್ ಕಂಡರೆ ಆಗಲ್ವಾ?

ಪ್ರಶ್ನೆ: ನಾನು ದಾವಣಗೆರೆಯವನು, ಮೊದಲಿನಿಂದಲೂ ಆರ್‌ಸಿಬಿ ಅಭಿಮಾನಿ. ನಮ್ಮ ಭಾವ ಚೆನ್ನೈನಲ್ಲಿ ಕೆಲಸದಲ್ಲಿದ್ದಾರೆ, ಅವರು ಸಿಎಸ್‌ಕೆ ಪಾರ್ಟಿ. ಟಿವಿಯಲ್ಲಿ ಧೋನಿ ಪ್ಯಾಡ್ ಕಟ್ಟಿದರೂ ದೊಡ್ಡ ಸುದ್ದಿ, ಕೊಹ್ಲಿ ಐವತ್ತು ಹೊಡೆದರೂ ‘ಸ್ಟ್ರೈಕ್ ರೇಟ್ ಸಾಲದು’ ಎಂಬ ಪಾಠ. ಭಾವ ಹೇಳುವುದು ಪೂರ್ತಿ ಉಲ್ಟಾ: ‘ಎಲ್ಲಾ ಚಾನೆಲ್‌ನವರೂ ಬೆಳಗ್ಗೆಯಿಂದ ಕೊಹ್ಲಿ ಭಜನೆ ಮಾಡ್ತಾರೆ.’ ಪೇಪರ್‌ನಲ್ಲಿ ಬರೆಯುವವರ ಮೇಲೂ ನಮ್ಮಿಬ್ಬರಿಗೂ ಇದೇ ಸಿಟ್ಟು. ಇವರಿಗೆಲ್ಲ ಹೀಗೇ ಮಾತಾಡಿ ಅಂತ ಯಾರಾದರೂ ಹೇಳಿಕೊಟ್ಟಿರುತ್ತಾರಾ? ನಮ್ಮಿಬ್ಬರಲ್ಲಿ ಯಾರದ್ದು ಸರಿ? ಮ್ಯೂಟ್ ಮಾಡಿ ನೋಡುವುದೇ ವಾಸಿನಾ?

ಉತ್ತರ: ನೀವೂ ಸುಳ್ಳು ಹೇಳುತ್ತಿಲ್ಲ, ನಿಮ್ಮ ಭಾವನೂ ಹೇಳುತ್ತಿಲ್ಲ. ಇಬ್ಬರಿಗೂ ಕೇಳಿಸಿದ್ದು ಹಾಗೇ. ಆದರೆ ಕಾಮೆಂಟೇಟರ್‌ಗೆ ನಿಮ್ಮ ಟೀಮ್ ಮೇಲೆ ಹಗೆ ಇದೆ ಎಂಬುದು ಹೆಚ್ಚಿನ ಸಲ ನಿಜವಲ್ಲ. ಹಾಗಂತ ಪಕ್ಷಪಾತವೇ ಇಲ್ಲ ಎನ್ನುತ್ತಿಲ್ಲ. ಖಂಡಿತ ಇದೆ. ಅದು ಟೀಮ್ ನೋಡಿ ಬರುವುದಲ್ಲ. ಯಾರು ಕೆಲಸ ಕೊಟ್ಟಿದ್ದಾರೆ, ಯಾರ ಮುಖ ತೋರಿಸಿದರೆ ಜನ ಟಿವಿ ಬಿಟ್ಟು ಏಳುವುದಿಲ್ಲ, ಅದನ್ನು ನೋಡಿ ಬರುವಂಥದ್ದು. ವಿಚಿತ್ರ ಅಂದರೆ ಇಲ್ಲದ ಪಕ್ಷಪಾತಕ್ಕೆ ಅಭಿಮಾನಿಗಳು ರಾತ್ರಿಯಿಡೀ ಜಗಳ ಆಡುತ್ತಾರೆ, ಇರುವುದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಮೊದಲು ನಿಮ್ಮ ಕಿವಿಯ ವಿಚಾರ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಅವರ ಶೈಲಿಯ ಫುಟ್‌ಬಾಲ್ ಪಂದ್ಯ ನಡೆಯಿತು. ಆಟ ಬಹಳ ಒರಟಾಗಿತ್ತು. ಪ್ರಿನ್ಸ್‌ಟನ್‌ನ ದೊಡ್ಡ ಆಟಗಾರ ಡಿಕ್ ಕಾಜ್‌ಮಯರ್ ಮೂಗು ಮುರಿದುಕೊಂಡು ಹೊರಗೆ ಹೋದರು. ಆಮೇಲೆ ಡಾರ್ಟ್‌ಮತ್ ಹುಡುಗನೊಬ್ಬನ ಕಾಲು ಮುರಿಯಿತು. ಪ್ರಿನ್ಸ್‌ಟನ್ 13-0 ಅಂತರದಲ್ಲಿ ಗೆದ್ದಿತು. ಎರಡೂ ಕಾಲೇಜಿನ ಪತ್ರಿಕೆಗಳು ‘ತಪ್ಪು ಅವರದ್ದೇ’ ಎಂದು ಬರೆದುಕೊಂಡವು. ಆಗ ಆಲ್ಬರ್ಟ್ ಹ್ಯಾಸ್ಟಾರ್ಫ್, ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಪಂದ್ಯದ ಒಂದೇ ಫಿಲ್ಮ್ ತೋರಿಸಿ, ಫೌಲ್ ಕಂಡಾಗೆಲ್ಲ ಗುರುತು ಹಾಕಿ ಎಂದರು. ಡಾರ್ಟ್‌ಮತ್ ಹುಡುಗರಿಗೆ ತಮ್ಮ ಟೀಮ್ ಮಾಡಿದ ಫೌಲ್ ಸರಾಸರಿ 4.3 ಕಂಡಿತು. ಅದೇ ಫಿಲ್ಮ್ ನೋಡಿದ ಪ್ರಿನ್ಸ್‌ಟನ್ ಹುಡುಗರಿಗೆ ಡಾರ್ಟ್‌ಮತ್ ಮಾಡಿದ್ದು 9.8 ಕಂಡಿತು. ದುಪ್ಪಟ್ಟಿಗಿಂತ ಜಾಸ್ತಿ.

ಇದರಲ್ಲೇ ನನಗೆ ತುಂಬಾ ಇಷ್ಟವಾದ ಇನ್ನೊಂದು ಪ್ರಸಂಗವಿದೆ. ಡಾರ್ಟ್‌ಮತ್‌ನ ಹಳೇ ವಿದ್ಯಾರ್ಥಿಯೊಬ್ಬರು ಅದೇ ಫಿಲ್ಮ್ ತರಿಸಿ ನೋಡಿದರಂತೆ. ತಮ್ಮವರು ಅಷ್ಟೊಂದು ಫೌಲ್ ಮಾಡಿದ್ದಾರೆ ಎಂಬ ಗಲಾಟೆ ಕೇಳಿದ್ದರು, ಫಿಲ್ಮ್‌ನಲ್ಲಿ ಅವು ಕಾಣಲೇ ಇಲ್ಲ. ಕೂಡಲೇ ತಂತಿ ಕಳಿಸಿದರು: ಫಿಲ್ಮ್‌ನಲ್ಲಿ ಮುಖ್ಯವಾದ ಭಾಗ ಕತ್ತರಿಸಿದಂತಿದೆ, ದಯವಿಟ್ಟು ಅದನ್ನು ಏರ್‌ಮೇಲ್‌ನಲ್ಲಿ ಕಳಿಸಿ ಎಂದು! ಒಂದು ಚೂರೂ ಕತ್ತರಿಸಿರಲಿಲ್ಲ.

ಕಣ್ಣಿಗೆ ಆಗುವುದೇ ಕಿವಿಗೂ ಆಗುತ್ತದೆ. 1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆಟ ಬಿಟ್ಟು ಸುದ್ದಿಯನ್ನೇ ತೆಗೆದುಕೊಂಡರು. 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಡೆದ ಹತ್ಯಾಕಾಂಡದ ಟಿವಿ ವರದಿಗಳನ್ನು ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದರು. ಎರಡೂ ಕಡೆಯವರು ‘ವರದಿ ನಮ್ಮ ವಿರುದ್ಧ ಇದೆ’ ಎಂದರು. ಅದರಲ್ಲೂ ವಿಷಯ ಚೆನ್ನಾಗಿ ತಿಳಿದವರಿಗೇ ಪಕ್ಷಪಾತ ಜಾಸ್ತಿ ಕಂಡಿತು. ಇದು ನಿಮ್ಮಂಥ ಹಳೇ ಅಭಿಮಾನಿಗಳು ಗಮನಿಸಬೇಕಾದ್ದು. ಅಂಕಿಅಂಶ ಬಾಯಿಪಾಠ ಇರುವವರಿಗೆ ಕಾಮೆಂಟೇಟರ್ ಏನು ಬಿಟ್ಟರು ಎಂಬುದು ತಕ್ಷಣ ಗೊತ್ತಾಗುತ್ತದೆ. ಎದುರಾಳಿ ಟೀಮ್ ವಿಷಯದಲ್ಲಿ ಏನು ಬಿಟ್ಟರು ಎಂಬುದು ನಮಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಈಗ ಕಾಮೆಂಟರಿ ಬಾಕ್ಸ್ ಒಳಗೆ ಹೋಗೋಣ. ಹೊರಗಿನವರು ಅಂದುಕೊಂಡಷ್ಟು ಆರಾಮದ ಜಾಗ ಅಲ್ಲ ಅದು. ಎದುರಿಗೆ ಗಾಜಿನ ಕಿಟಕಿ, ಕೆಳಗೆ ಮಾನಿಟರ್, ಕೈಯಲ್ಲಿ ತುಟಿಗೆ ಒತ್ತಿ ಹಿಡಿಯುವ ಮೈಕ್. ಹಿಂದೆ ಕೂತ ಸ್ಕೋರರ್ ಚೀಟಿಯಲ್ಲಿ ಅಂಕಿಅಂಶ ಬರೆದು ಮುಂದಕ್ಕೆ ತಳ್ಳುತ್ತಾರೆ. ಕಿವಿಯಲ್ಲಿ ಪ್ರೊಡ್ಯೂಸರ್ ಮಾತು ಬರುತ್ತಲೇ ಇರುತ್ತದೆ: ಈಗ ರಿಪ್ಲೇ, ಈಗ ಗ್ರಾಫಿಕ್ಸ್, ಈಗ ಬ್ರೇಕ್, ಈಗ ಮುಂದಿನ ಪಂದ್ಯದ ಪ್ರೋಮೋ ಓದಿ. ಅರ್ಧ ಗಂಟೆಗೋ ಏನೋ ಒಬ್ಬರು ಎದ್ದು ಇನ್ನೊಬ್ಬರು ಕೂರುತ್ತಾರೆ.

ಇಲ್ಲಿ ಮೊದಲ ನಿಯಮ ಒಂದೇ: ಪರದೆ ಮೇಲೆ ಏನಿದೆಯೋ ಅದಕ್ಕೆ ಮಾತಾಡು. ಡೈರೆಕ್ಟರ್ ಡಗೌಟ್‌ನಲ್ಲಿ ಹೆಲ್ಮೆಟ್ ಹಿಡಿದು ಕೂತ ಧೋನಿಯನ್ನು ತೋರಿಸಿದರೆ, ಕಾಮೆಂಟೇಟರ್ ‘ಬೌಲರ್ ಲೆಂಗ್ತ್ ನೋಡಿ’ ಎಂದು ಹೇಳಿಕೊಂಡು ಕೂರಲು ಆಗುವುದಿಲ್ಲ. ಧೋನಿ ಬಗ್ಗೆಯೇ ಮಾತಾಡಬೇಕು. ಕ್ಯಾಮೆರಾ ಯಾಕೆ ಧೋನಿ ಕಡೆ ಹೋಗುತ್ತದೆ? ಆ ಮುಖಕ್ಕೆ ಸ್ಟೇಡಿಯಂ ಎದ್ದು ಕಿರುಚುತ್ತದೆ ಅಂತ. ಕೊಹ್ಲಿ ಮುಖಕ್ಕೂ ಅದೇ. ಹಾಗಾಗಿ ನಿಮಗೆ ಧೋನಿ ಭಜನೆ, ಭಾವನಿಗೆ ಕೊಹ್ಲಿ ಭಜನೆ ಕೇಳಿಸುತ್ತದೆ. ಎರಡೂ ನಡೆಯುತ್ತಿದೆ. ನಷ್ಟ ಆಗುವುದು ಮೂರನೆಯವರಿಗೆ. ನಾಲ್ಕು ಓವರ್‌ನಲ್ಲಿ ಇಪ್ಪತ್ತೆರಡು ರನ್ ಕೊಟ್ಟು ಪಂದ್ಯ ತಿರುಗಿಸಿದ ಸ್ಪಿನ್ನರ್ ಬಗ್ಗೆ ಎರಡು ವಾಕ್ಯ ಬಂದರೆ ಪುಣ್ಯ. ಅವನ ಪರ ಜಗಳ ಆಡಲು ಅಭಿಮಾನಿ ಸಂಘ ಇಲ್ಲ.

ಸ್ಟ್ರೈಕ್ ರೇಟ್, ಅಂದರೆ ನೂರು ಎಸೆತಕ್ಕೆ ಎಷ್ಟು ರನ್ ಎಂಬ ಲೆಕ್ಕ, ಅದರ ವಿಷಯ ಎತ್ತಿದ್ದೀರಿ. 2024ರ ಏಪ್ರಿಲ್ ನೆನಪಿಸಿಕೊಳ್ಳಿ. ಹೈದರಾಬಾದ್ ವಿರುದ್ಧ ಕೊಹ್ಲಿ 43 ಎಸೆತಕ್ಕೆ 51 ಹೊಡೆದರು. ಆರಂಭದಲ್ಲಿ ಬೇಗ ಹೊಡೆದು, ಮಧ್ಯದ ಓವರ್‌ಗಳಲ್ಲಿ ನಿಧಾನವಾದರು. ಸುನಿಲ್ ಗವಾಸ್ಕರ್ ಅದನ್ನು ಹೇಳಿದರು. ಕೆಲವೇ ದಿನದಲ್ಲಿ ಗುಜರಾತ್ ವಿರುದ್ಧ ಅಜೇಯ 70 ಹೊಡೆದ ಮೇಲೆ ಕೊಹ್ಲಿ, ಬಾಕ್ಸ್‌ನಲ್ಲಿ ಕೂತು ಮಾತಾಡುವುದು ಬೇರೆ, ಮೈದಾನದಲ್ಲಿ ಆಡುವುದು ಬೇರೆ ಎಂಬರ್ಥದ ಮಾತು ಆಡಿದರು. ಆ ತುಣುಕನ್ನು ವಾಹಿನಿ ಮತ್ತೆ ಮತ್ತೆ ತೋರಿಸಿತು. ಗವಾಸ್ಕರ್ ಅದೇ ವಾಹಿನಿಯ ಪರದೆ ಮೇಲೆ ಸಿಟ್ಟಾದರು. ಹೊರಗಿನ ಮಾತಿಗೆ ಕಿವಿಗೊಡಲ್ಲ ಎನ್ನುವವರು ಉತ್ತರ ಯಾಕೆ ಕೊಡಬೇಕು ಎಂದು ಕೇಳಿದರು. ನಮಗೆ ಯಾರ ಮೇಲೂ ಇಷ್ಟಾನಿಷ್ಟ ಇಲ್ಲ, ನಡೆದದ್ದನ್ನು ಹೇಳುತ್ತೇವೆ ಎಂದರು. ತನ್ನದೇ ಕಾಮೆಂಟೇಟರ್‌ಗಳನ್ನು ಕೆಳಗಿಳಿಸುವ ತುಣುಕನ್ನು ಎಷ್ಟು ಸಲ ತೋರಿಸುತ್ತೀರಿ ಎಂದು ವಾಹಿನಿಯನ್ನೇ ತರಾಟೆಗೆ ತೆಗೆದುಕೊಂಡರು.

ಆ ವಾರ ಬೆಂಗಳೂರಿನಲ್ಲಿ ಗವಾಸ್ಕರ್‌ಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಇಬ್ಬರದ್ದೂ ಅವರವರ ಜಾಗದಲ್ಲಿ ಸರಿ. ಕೊಹ್ಲಿ ಆ ಸೀಸನ್‌ನಲ್ಲಿ 741 ರನ್ ಹೊಡೆದು, ಅತಿ ಹೆಚ್ಚು ರನ್ ಹೊಡೆದವರಿಗೆ ಸಿಗುವ ಆರೆಂಜ್ ಕ್ಯಾಪ್ ಗೆದ್ದರು. ಸ್ಟ್ರೈಕ್ ರೇಟ್ 150 ದಾಟಿತ್ತು. ಆದರೆ ಆ ಒಂದು ಇನಿಂಗ್ಸ್ ಮಧ್ಯದಲ್ಲಿ ನಿಧಾನವಾಗಿದ್ದೂ ನಿಜ. ಕಾಮೆಂಟೇಟರ್ ಮಾತಾಡುವುದು ಆ ದಿನದ ಆಟದ ಬಗ್ಗೆ. ಅಭಿಮಾನಿ ಕೇಳಿಸಿಕೊಳ್ಳುವುದು ಹದಿನೈದು ವರ್ಷದ ಪ್ರೀತಿಯ ಕಿವಿಯಿಂದ.

ಇನ್ನು ‘ಯಾರಾದರೂ ಹೇಳಿಕೊಟ್ಟಿರುತ್ತಾರಾ’ ಎಂಬ ಪ್ರಶ್ನೆ. ಇದು ಸರಿಯಾದ ಪ್ರಶ್ನೆ, ಇದನ್ನೇ ಜಾಸ್ತಿ ಕೇಳಬೇಕು. ಐಪಿಎಲ್‌ನ ವರ್ಲ್ಡ್ ಫೀಡ್, ಅಂದರೆ ಎಲ್ಲ ದೇಶಗಳಿಗೂ ಹೋಗುವ ಮೂಲ ಪ್ರಸಾರ, ತಯಾರಿಸುವುದು ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐ. ಅದರ ಇಂಗ್ಲಿಷ್ ಕಾಮೆಂಟೇಟರ್‌ಗಳನ್ನು ಗೊತ್ತುಮಾಡುವುದೂ ಅದೇ. ಅಂದರೆ ಟೂರ್ನಿ ನಡೆಸುವವರೇ ಟೂರ್ನಿ ಬಗ್ಗೆ ಮಾತಾಡುವವರಿಗೆ ಕೆಲಸ ಕೊಟ್ಟಿರುತ್ತಾರೆ. 2013ರಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಟೆಸ್ಟ್ ಆಡಲು ಬಂದಾಗ ಅಲ್ಲಿನ ಮಾಜಿ ನಾಯಕ ಇಯಾನ್ ಚಾಪೆಲ್ ಕಾಮೆಂಟರಿ ಒಪ್ಪಂದ ಬೇಡ ಎಂದರು. ತಂಡದ ಆಯ್ಕೆ, ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ಡಿಆರ್‌ಎಸ್, ಮಂಡಳಿಯ ಆಡಳಿತ, ಈ ಮೂರರ ಬಗ್ಗೆ ಮಾತಾಡಬಾರದು ಎಂಬ ಷರತ್ತು ಅವರಿಗೆ ಹಿಡಿಸಲಿಲ್ಲ. ಷರತ್ತಿನಲ್ಲಿ ಆರ್‌ಸಿಬಿಯೂ ಇಲ್ಲ, ಸಿಎಸ್‌ಕೆಯೂ ಇಲ್ಲ ನೋಡಿ. ಮುಚ್ಚಿಡಬೇಕಾದ್ದು ಬೇರೆಯೇ.

ಹೊಸ ಪೀಳಿಗೆಯವರಿಗೆ 2008ರಿಂದ 2012ರವರೆಗಿನ ಐಪಿಎಲ್ ನೆನಪಿರಲಿಕ್ಕಿಲ್ಲ. ಸಿಕ್ಸರ್ ಬಿದ್ದರೆ ಅದು ಸಿಕ್ಸರ್ ಅಲ್ಲ, ‘ಡಿಎಲ್‌ಎಫ್ ಮ್ಯಾಕ್ಸಿಮಮ್’. ಒಳ್ಳೆ ಕ್ಯಾಚ್ ಹಿಡಿದರೆ ‘ಕಾರ್ಬನ್ ಕಮಾಲ್ ಕ್ಯಾಚ್’. ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಮೈಕ್ ಹಿಡಿದು ಮನೆ ಕಟ್ಟುವ ಕಂಪನಿಯ ಹೆಸರು ಜಪಿಸುತ್ತಿದ್ದರು. ನಾವೆಲ್ಲ ನಕ್ಕು ಸುಮ್ಮನಾದೆವು.

ಮಂಡಳಿಯ ಈ ಹಿಡಿತದ ಜೊತೆಗೆ ಅಭಿಮಾನಿಗಳ ಸಿಟ್ಟೂ ಸೇರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಚಿನ್ನಸ್ವಾಮಿಯಲ್ಲೇ ಆದದ್ದು ಹೇಳುತ್ತೇನೆ. 2016ರ ಮಾರ್ಚ್ 23, ಟಿ20 ವಿಶ್ವಕಪ್, ಭಾರತ-ಬಾಂಗ್ಲಾದೇಶ. ಕೊನೆಯ ಓವರ್ ಹಾರ್ದಿಕ್ ಪಾಂಡ್ಯ ಕೈಯಲ್ಲಿ, ಬಾಂಗ್ಲಾಕ್ಕೆ ಬೇಕಿದ್ದು 11. ಮುಷ್ಫಿಕುರ್ ಎರಡು ಬೌಂಡರಿ ಹೊಡೆದು ಮೂರು ಎಸೆತಕ್ಕೆ ಎರಡು ರನ್ ಎಂಬಲ್ಲಿಗೆ ತಂದಿಟ್ಟರು. ಆಮೇಲೆ ಸತತ ಎರಡು ಎಸೆತಕ್ಕೆ ಎರಡು ವಿಕೆಟ್. ಕೊನೇ ಎಸೆತಕ್ಕೆ ಧೋನಿ ಒಂದು ಕೈಯ ಗ್ಲೌಸ್ ಕಳಚಿ ನಿಂತಿದ್ದರು, ಓಡಿ ಬಂದು ರನೌಟ್ ಮಾಡಿದರು. ಭಾರತಕ್ಕೆ ಒಂದು ರನ್ ಗೆಲುವು. ಇಂಥ ಪಂದ್ಯದಲ್ಲಿ ಬಾಂಗ್ಲಾದವರನ್ನು ಹೊಗಳದೆ ಇರಲು ಸಾಧ್ಯವೇ? ಅವತ್ತು ಅಮಿತಾಭ್ ಬಚ್ಚನ್, ಭಾರತದ ಕಾಮೆಂಟೇಟರ್ ಬೇರೆಯವರ ಬದಲು ನಮ್ಮ ಆಟಗಾರರ ಬಗ್ಗೆ ಜಾಸ್ತಿ ಮಾತಾಡಿದರೆ ಚೆನ್ನ ಎಂಬ ಅರ್ಥದ ಟ್ವೀಟ್ ಹಾಕಿದರು. ಹೆಸರು ಹೇಳಲಿಲ್ಲ. ಧೋನಿ ಅದನ್ನು ಹಂಚಿಕೊಂಡು, ಇದಕ್ಕೆ ಸೇರಿಸುವುದೇನೂ ಇಲ್ಲ ಎಂದರು. ಜನರೆಲ್ಲ ಇಂಗ್ಲಿಷ್ ಕಾಮೆಂಟೇಟರ್ ಹರ್ಷ ಭೋಗ್ಲೆ ಕಡೆ ತಿರುಗಿದರು. ಭೋಗ್ಲೆ ಸಮಾಧಾನವಾಗಿಯೇ ವಿವರಿಸಿದರು: ಇಂಗ್ಲಿಷ್ ಫೀಡ್ ಬೇರೆ ದೇಶಗಳಿಗೂ ಹೋಗುತ್ತದೆ, ಬಾಂಗ್ಲಾದವರೂ ಕೇಳುತ್ತಾರೆ, ಅಲ್ಲಿ ನಡುವೆ ನಿಂತು ಮಾತಾಡಲೇಬೇಕು. ಭಾರತದ ಪರ ಮಾತು ಬೇಕಿದ್ದವರಿಗೆ ಹಿಂದಿ ಫೀಡ್ ಇದೆ. ಮುಂದಿನ ತಿಂಗಳೇ ಐಪಿಎಲ್ ಪಟ್ಟಿಯಿಂದ ಅವರ ಹೆಸರು ಹೊರಗೆ. ಮಂಡಳಿ ಕಾರಣ ಹೇಳಲಿಲ್ಲ. ಹೇಳದೇ ಇದ್ದದ್ದರಿಂದಲೇ ಉಳಿದ ಕಾಮೆಂಟೇಟರ್‌ಗಳಿಗೆಲ್ಲ ಸಂದೇಶ ಮುಟ್ಟಿತು. ಭೋಗ್ಲೆ ಆಮೇಲೆ ವಾಪಸ್ ಬಂದರು. ಆದರೆ ಅವತ್ತಿನಿಂದ ಎಷ್ಟು ಜನ ಬಾಯಿಗೆ ಬಂದ ಮಾತು ನುಂಗಿಕೊಂಡರೋ, ಅದು ಯಾವ ಸ್ಕೋರ್‌ಕಾರ್ಡ್‌ನಲ್ಲೂ ಸಿಗುವುದಿಲ್ಲ.

ಇನ್ನೊಬ್ಬ ಕಾಮೆಂಟೇಟರ್ ಸಂಜಯ್ ಮಾಂಜ್ರೇಕರ್ ಕತೆ ಸ್ವಲ್ಪ ಬೇರೆ. 2019ರ ವಿಶ್ವಕಪ್ ವೇಳೆ ಜಡೇಜಾರನ್ನು ಅರೆಬರೆ ಆಟಗಾರ ಎಂಬಂತೆ ಮಾತಾಡಿ ಬೈಸಿಕೊಂಡರು. ಸೆಮಿಫೈನಲ್‌ನಲ್ಲಿ ಜಡೇಜಾ 77 ಹೊಡೆದು ಬಾಯಿ ಮುಚ್ಚಿಸಿದರು. ಮಾಂಜ್ರೇಕರ್ ಕೂಡ ಸೋಲು ಒಪ್ಪಿಕೊಂಡರು. 2020ರ ಮಾರ್ಚ್‌ನಲ್ಲಿ ಅವರೂ ಮಂಡಳಿಯ ಪಟ್ಟಿಯಿಂದ ಹೊರಗೆ ಬಿದ್ದರು. ಅವರ ಮಾತಿನ ಧಾಟಿ ನನಗೂ ಹಿಡಿಸಲ್ಲ. ಆದರೂ ತಪ್ಪಾಗುವಷ್ಟು ಖಚಿತವಾಗಿ ಮಾತಾಡುವವರು ಬಾಕ್ಸ್‌ನಲ್ಲಿ ಒಬ್ಬರಾದರೂ ಇರಬೇಕು. ‘ಏನ್ ಶಾಟ್, ಏನ್ ಪ್ಲೇಯರ್, ಏನ್ ಮ್ಯಾಚ್’ ಎನ್ನುವವರು ಎಂದೂ ತಪ್ಪಾಗುವುದಿಲ್ಲ. ಯಾಕಂದರೆ ಅವರು ಏನನ್ನೂ ಹೇಳಿರುವುದಿಲ್ಲ.

ನೀವು ಕನ್ನಡ ಕಾಮೆಂಟರಿ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. 2018ರಿಂದ ಐಪಿಎಲ್ ಕನ್ನಡದಲ್ಲೂ ಬರುತ್ತಿದೆ. ಮುಂಚೆ ಆಕಾಶವಾಣಿಯ ವೀಕ್ಷಕ ವಿವರಣೆ ಕೇಳಿ ಬೆಳೆದ ಹಿರಿಯರು ಇದನ್ನು ಕೇಳಿ ಮೂಗು ಮುರಿಯುತ್ತಾರೆ: ಕಿರುಚಾಟ ಜಾಸ್ತಿ, ಜೋಕ್ ಜಾಸ್ತಿ, ಫೀಲ್ಡ್ ಹೇಗಿದೆ ಅಂತ ಹೇಳಲ್ಲ. ಅರ್ಧ ಸರಿ. ರೇಡಿಯೊದವರು ಮೈದಾನದಲ್ಲೇ ಕೂತು ಕಾಣದವರಿಗೆ ಕಾಣಿಸಬೇಕಿತ್ತು. ಈಗ ಪ್ರಾದೇಶಿಕ ಭಾಷೆಯ ಕಾಮೆಂಟೇಟರ್‌ಗಳು ಹೆಚ್ಚಾಗಿ ದೂರದ ಸ್ಟುಡಿಯೋದಲ್ಲಿ ಕೂತು, ನೀವು ನೋಡುವ ಪರದೆಯನ್ನೇ ನೋಡಿಕೊಂಡು ಮಾತಾಡುತ್ತಾರೆ. ಫೈನ್ ಲೆಗ್ ಒಳಗೆ ಬಂದದ್ದು ಕ್ಯಾಮೆರಾ ತೋರಿಸದಿದ್ದರೆ ಅವರಿಗೂ ಗೊತ್ತಾಗುವುದಿಲ್ಲ. ವಿಜಯ್ ಭಾರದ್ವಾಜ್ ಥರ ಆಡಿ ಬಂದವರು ಬ್ಯಾಟರ್ ಕಾಲಿನ ಚಲನೆ ನೋಡಿ ಮುಂದಿನ ಎಸೆತ ಊಹಿಸುತ್ತಾರೆ. ಆಗ ಕನ್ನಡ ಫೀಡ್ ಯಾವ ಇಂಗ್ಲಿಷ್ ಫೀಡ್‌ಗೂ ಕಡಿಮೆ ಇಲ್ಲ. ಇನ್ನು ಆರ್‌ಸಿಬಿ ಪರ ವಾಲುತ್ತದೆ ಎನ್ನುವ ದೂರು. ವಾಲಲಿ ಬಿಡಿ! ಅದು ನಮಗಾಗಿಯೇ ಇರುವ ಫೀಡ್. ಶಿಕಾಗೊದ ಬೇಸ್‌ಬಾಲ್ ಕಾಮೆಂಟೇಟರ್ ಹಾಕ್ ಹ್ಯಾರೆಲ್ಸನ್ ತಮ್ಮೂರಿನ ವೈಟ್ ಸಾಕ್ಸ್ ತಂಡವನ್ನು ಮೈಕ್‌ನಲ್ಲೇ ‘ಒಳ್ಳೆ ಹುಡುಗರು’ ಎಂದು ಕರೆಯುತ್ತಿದ್ದರು. ಕೇಳುವವರಿಗೆ ಯಾವ ಗೊಂದಲವೂ ಇರಲಿಲ್ಲ. ಹೇಳಿಕೊಂಡು ಮಾಡುವ ಪಕ್ಷಪಾತದಿಂದ ಯಾರೂ ಕೆಡುವುದಿಲ್ಲ. 2025ರ ಜೂನ್ 3ರಂದು ಹದಿನೆಂಟನೇ ಸೀಸನ್‌ಗೆ ಕಪ್ ಬಂದ ರಾತ್ರಿ ಕನ್ನಡ ಫೀಡ್‌ನವರು ತಟಸ್ಥವಾಗಿ ಮಾತಾಡಿದ್ದರೆ ನೀವೇ ಟಿವಿ ಒಡೆಯುತ್ತಿದ್ದಿರಿ.

ಪತ್ರಿಕೆಯವರ ವಿಷಯ. ಬರೆಯುವವನು ತನ್ನೂರಿನ ಓದುಗರಿಗೆ ಬರೆಯುತ್ತಾನೆ, ತನ್ನೂರಿನ ಮೈದಾನದಲ್ಲಿ ಕಂಡವರ ಬಗ್ಗೆ ಜಾಸ್ತಿ ಬರೆಯುತ್ತಾನೆ. ಬಾಂಬೆ ಸತತ ಹದಿನೈದು ವರ್ಷ ರಣಜಿ ಗೆದ್ದ ಕಾಲದಲ್ಲಿ ‘ಬಾಂಬೆ ಪತ್ರಕರ್ತರ ಲಾಬಿ’ ಎಂಬ ಮಾತು ನಮ್ಮಲ್ಲಿ ಮನೆಮಾತಾಗಿತ್ತು. 1974ರ ಸೆಮಿಫೈನಲ್‌ನಲ್ಲಿ ನಮ್ಮ ಸ್ಪಿನ್ನರ್ ಪ್ರಸನ್ನ ಬಾಂಬೆಯ ಗವಾಸ್ಕರ್‌ರನ್ನು ಬೌಲ್ಡ್ ಮಾಡಿ, ಕರ್ನಾಟಕ ಆ ಸಾಲನ್ನು ಮುರಿದ ಮೇಲೂ ಮಾತು ಪೂರ್ತಿ ಹೋಗಲಿಲ್ಲ. ಇದೇ ದೂರನ್ನು ಹುಬ್ಬಳ್ಳಿಯವರು ಬೆಂಗಳೂರಿನ ವರದಿಗಾರರ ಮೇಲೆ ಹೇಳುತ್ತಾರೆ, ಅದನ್ನೂ ಕೇಳಿಸಿಕೊಳ್ಳಿ.

ಆದರೆ ಪತ್ರಿಕೆಗೂ ಟಿವಿಗೂ ಇರುವ ವ್ಯತ್ಯಾಸಕ್ಕೆ ನಿಮ್ಮೂರಿನ ಬೌಲರ್ ವಿನಯ್ ಕುಮಾರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 2013ರ ನವೆಂಬರ್ 2ರಂದು ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಏಕದಿನ. ರೋಹಿತ್ 209 ಹೊಡೆದ ಪಂದ್ಯ. ವಿನಯ್ 9 ಓವರ್‌ಗೆ 102 ರನ್ ಕೊಟ್ಟರು. ಟಿವಿಯಲ್ಲಿ ಆ ರಾತ್ರಿ ನೋಡಿದ ದೇಶಕ್ಕೆಲ್ಲ ಅವರೊಂದು ಜೋಕ್ ಆದರು. ಅದೇ ಸೀಸನ್‌ನಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಎಂಬ ಮೂರೂ ದೇಶಿ ಟ್ರೋಫಿಗಳನ್ನು ಗೆದ್ದಿತು. ಮುಂದಿನ ವರ್ಷ ಮತ್ತೆ ಮೂರನ್ನೂ ಗೆದ್ದಿತು. ಆ ರಣಜಿ ಫೈನಲ್‌ನಲ್ಲಿ ತಮಿಳುನಾಡು ವಿರುದ್ಧ ವಿನಯ್ ಐದು ವಿಕೆಟ್ ಕಿತ್ತು, ಶತಕವನ್ನೂ ಹೊಡೆದರು. ಇದೆಲ್ಲ ನಿಮಗೆ ಗೊತ್ತಿದ್ದರೆ ಅದು ಖಾಲಿ ಗ್ಯಾಲರಿಯ ಎದುರು ನಾಲ್ಕೈದು ದಿನ ಕೂತು ಬರೆದ ಪತ್ರಿಕೆಯವರಿಂದ. ಅವರನ್ನು ಬೈಯುವ ಮುನ್ನ ಒಂದು ವಿಷಯ ತಿಳಿದಿರಲಿ: ಸಿಟ್ಟು ಬರಿಸುವ ಹೆಡ್‌ಲೈನ್ ಹೆಚ್ಚಿನ ಸಲ ಕೊಟ್ಟಿರುವುದು ವರದಿಗಾರನಲ್ಲ, ರಾತ್ರಿ ಪಾಳಿಯ ಡೆಸ್ಕ್.

ಕೊನೆಗೆ ಮ್ಯೂಟ್. ಇದನ್ನು ಒಂದು ಸಲ ದೊಡ್ಡ ಮಟ್ಟದಲ್ಲೇ ಮಾಡಿ ನೋಡಿದ್ದಾರೆ. 1980ರ ಡಿಸೆಂಬರ್ 20ರಂದು ಅಮೆರಿಕದ ಎನ್‌ಬಿಸಿ ವಾಹಿನಿ ಜೆಟ್ಸ್-ಡಾಲ್ಫಿನ್ಸ್ ಫುಟ್‌ಬಾಲ್ ಪಂದ್ಯವನ್ನು ಕಾಮೆಂಟೇಟರ್‌ಗಳೇ ಇಲ್ಲದೆ ಪ್ರಸಾರ ಮಾಡಿತು. ಮೈದಾನದ ಸದ್ದು, ಪರದೆ ಮೇಲೆ ಅಂಕಿಅಂಶ, ಅಷ್ಟೇ. ಸುದ್ದಿಯೇನೋ ಆಯಿತು. ಆದರೆ ಅದು ರೂಢಿಗೆ ಬರಲಿಲ್ಲ. ಬೈಯಲಾದರೂ ಒಂದು ದನಿ ಬೇಕು ಜನಕ್ಕೆ.

ಆದರೂ ನಡುನಡುವೆ ಮ್ಯೂಟ್ ಮಾಡುವುದನ್ನು ನಾನು ಹೇಳುತ್ತೇನೆ, ಬೇರೆ ಕಾರಣಕ್ಕೆ. 1977ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐಸ್ ಹಾಕಿಯ ಎರಡು ತುಣುಕು ತೋರಿಸಿದರು. ಒಂದರಲ್ಲಿ ನಿಜಕ್ಕೂ ಒರಟು ಆಟ, ಕಾಮೆಂಟೇಟರ್ ಅದನ್ನು ಎತ್ತಿ ಹೇಳಿರಲಿಲ್ಲ. ಇನ್ನೊಂದರಲ್ಲಿ ಮಾಮೂಲಿ ಆಟ, ಕಾಮೆಂಟೇಟರ್ ‘ಎಂಥ ಒರಟು’ ಎನ್ನುತ್ತಲೇ ಇದ್ದರು. ಕಾಮೆಂಟರಿ ಸಮೇತ ನೋಡಿದವರಿಗೆ ಮಾಮೂಲಿ ಆಟವೇ ಜಾಸ್ತಿ ಒರಟಾಗಿ ಕಂಡಿತು. ‘ಪ್ರೆಶರ್, ಪ್ರೆಶರ್’ ಎಂದು ಕಿವಿಯಲ್ಲಿ ಹೊಡೆದುಕೊಳ್ಳುತ್ತಿದ್ದರೆ ಪರದೆ ಮೇಲಿನ ಬ್ಯಾಟರ್ ಬೆವರುತ್ತಿರುವಂತೆ ಕಾಣುವುದೂ ಹೀಗೆಯೇ.

ಹಾಗಾಗಿ ಮುಂದಿನ ಆರ್‌ಸಿಬಿ-ಸಿಎಸ್‌ಕೆ ಪಂದ್ಯದ ದಿನ ಹೀಗೆ ಮಾಡಿ. ಪವರ್‌ಪ್ಲೇ ಕನ್ನಡದಲ್ಲಿ ಕೇಳಿ. ಏಳರಿಂದ ಹದಿನೈದನೇ ಓವರ್ ಇಂಗ್ಲಿಷ್ ಫೀಡ್ ಹಾಕಿ, ಎರಡೂ ಟೀಮ್‌ಗೆ ಸಿಕ್ಕ ಹೊಗಳಿಕೆ, ಬಿದ್ದ ಟೀಕೆ ಎರಡನ್ನೂ ಒಂದು ಹಾಳೆಯಲ್ಲಿ ಗೀಟು ಹಾಕಿ. ಭಾವನಿಗೂ ಫೋನ್ ಮಾಡಿ ಹಾಗೇ ಹಾಕಲು ಹೇಳಿ. ಎರಡು ಹಾಳೆಯ ಲೆಕ್ಕ ಒಂದೇ ಬಂದರೆ ನನಗೆ ಬರೆಯಿರಿ, ಆಶ್ಚರ್ಯಪಡುತ್ತೇನೆ. ಕೊನೇ ಐದು ಓವರ್ ನಿಮ್ಮಿಷ್ಟ.